ಮಗುವಿನ ಜೊತೆ ಒಬ್ಬಳೇ

ಚನ್ನಗಿರಿ
9 ಜೂನ್ 2024

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಹೆಣ್ಣು ಮಗು ಆದ ಸುದ್ದಿಯನ್ನು ವಿನಯ್ ಅವರು ನಿನಗೆ ಫೋನಿನಲ್ಲಿ ಹೇಳಿದ್ದಾರಂತೆ. ನಾನೇ ಮಾಡೋಣ ಎಂದರೆ ನನ್ನ ಫೋನು ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಅಮ್ಮನ ಸೊಂಟದಲ್ಲಿದೆ. ಬಾಣಂತಿ ಫೋನು ನೋಡಿದರೆ ಕಣ್ಣು ಸೋಲುತ್ತವಂತೆ. ಅಮ್ಮನ ಫೋನಿನಿಂದ ನಿನಗೆ ಮಾಡುವುದು ಆಗದ ಮಾತು. ನೀನು ಕೆಂಚೇಶ್ ಭಾವನನ್ನು ಮದುವೆಯಾಗಿ ಜಗಳೂರಿಗೆ ಹೋದಾಗಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಎತ್ತುವ ಹಾಗಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಈಗಲೂ ಹಾಗೇ ಇದೆ.

ಮಗುವಿಗೂ ನನಗೂ ನೀರು ಹಾಕಲು ಹೊನ್ನೂರಮ್ಮ ಬರುತ್ತಾಳೆ. ಇದನ್ನು ಅವಳೇ ಅಂಚೆಗೆ ಹಾಕುತ್ತಾಳೆ. ನೀನು ಬರೆದರೆ ಲಕೋಟೆಯ ಹಿಂದೆ ಬರೆದಿರುವ ಅವಳ ಮನೆ ವಿಳಾಸಕ್ಕೆ ಬರೆ.

ನಾನು ನಿನ್ನ ಹಳೆಯ ಕೋಣೆಯಲ್ಲಿದ್ದೇನೆ. ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬೆಳಿಗ್ಗೆ ಸಾಯಂಕಾಲ ಸಾಂಬ್ರಾಣಿ ಹೊಗೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಮೆತ್ತಗಿನ ಅನ್ನ. ಅಪ್ಪಾಜಿ ಪಾತ್ರೆ ಅಂಗಡಿ ಮುಚ್ಚಿ ಬಂದ ಕೂಡಲೇ ಕೈಕಾಲು ತೊಳೆದು ಬಾಗಿಲಲ್ಲಿ ನಿಂತು ಮಗುವನ್ನು ನೋಡಿ ಹೋಗುತ್ತಾರೆ. ವಿನಯ್ ಅವರು ಹೊನ್ನಾಳಿಯಿಂದ ಭಾನುವಾರಕ್ಕೊಮ್ಮೆ ಬರುತ್ತಾರೆ. ಯಾವುದಕ್ಕೂ ಕೊರತೆ ಇಲ್ಲ.

ಬಾಗಿಲು ಹಾಕಿದರೆ ಮಾತ್ರ ನನಗೆ ಆಗುವುದಿಲ್ಲ. ಅಮ್ಮ ಅಡುಗೆಮನೆಗೆ ಹೋದ ಕೂಡಲೇ ಎದ್ದು ಬಾಗಿಲು ತೆಗೆದಿಡುತ್ತೇನೆ. ಮಗುವಿಗೆ ಗಾಳಿ ಬಡಿಯುತ್ತದೆ ಎಂದು ಅವಳು ಬಂದು ಹಾಕುತ್ತಾಳೆ. ಅವಳು ಹೋದ ಮೇಲೆ ನಾನು ಮತ್ತೆ ತೆಗೆಯುತ್ತೇನೆ. ನಿದ್ದೆ ಇಲ್ಲದ್ದಕ್ಕೆ ಹೀಗಿರಬೇಕು.

ನೀನು ಹೇಗಿದ್ದೀ? ಭಾವ ಹೇಗಿದ್ದಾರೆ?

ನಿನ್ನ,
ಮೇಘಶ್ರೀ


ಜಗಳೂರು
16 ಜೂನ್ 2024

ಮೇಘಾ,

ನಿನ್ನ ಕಾಗದ ಹಾಸ್ಟೆಲ್ಲಿಗೇ ಬಂತು. ವಾರ್ಡನ್ ಮೇಡಂಗೆ ಯಾರೋ ಲವ್ ಲೆಟರ್ ಬರೆದಿದ್ದಾರೆ ಎಂದು ಹುಡುಗಿಯರು ನಕ್ಕಿದ್ದೇ ನಕ್ಕಿದ್ದು. ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಓದಿದೆ. ನನ್ನ ಕೋಣೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎರಡು ಸಲ ಓದಿದೆ.

ಇಲ್ಲಿ ನಾವು ಆರಾಮ. ನಿನ್ನ ಭಾವನ ಅಂಗಡಿಯಲ್ಲಿ ಸುಟ್ಟ ಬೋರ್‌ವೆಲ್ ಮೋಟರುಗಳು ಸಾಲಾಗಿ ಮಲಗಿವೆ. ಅವುಗಳಿಗೆ ಹೊಸ ತಂತಿ ಸುತ್ತಿ ರೀವೈಂಡಿಂಗ್ ಮಾಡಿ ಮಾಡಿ ಅವರ ಬೆರಳಿನ ತುದಿಯೆಲ್ಲ ವಾರ್ನಿಷ್. ಮಗುವಿನ ಸುದ್ದಿ ಕೇಳಿ ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದರು, ತಾವೇ ತಂದೆಯಾದ ಹಾಗೆ.

ಮೇಘಾ, ನಾನು ಬೆಳಗಿನಿಂದ ಸಾಯಂಕಾಲದವರೆಗೆ ಹುಡುಗಿಯರ ಮಧ್ಯೆ ಇರುವವಳು. "ಏನೂ ಇಲ್ಲ ಮೇಡಂ, ಚೆನ್ನಾಗಿದ್ದೀನಿ" ಎನ್ನುವ ಮಾತು ಕೇಳಿ ಕೇಳಿ ಅದರ ದನಿ ನನಗೆ ಗೊತ್ತಾಗಿಬಿಟ್ಟಿದೆ. ನೀನು ಕಿಟಕಿಯ ಬಗ್ಗೆ ಬರೆದೆ, ಸಾರಿನ ಬಗ್ಗೆ ಬರೆದೆ. ಮಗುವಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಯಾರ ಹಾಗಿದ್ದಾಳೆ? ಎತ್ತಿಕೊಂಡರೆ ಏನು ಮಾಡುತ್ತಾಳೆ? ಬಾಗಿಲು ಹಾಕಿದರೆ ನಿನಗೆ ಏನಾಗುತ್ತದೆ? ಉಸಿರು ಕಟ್ಟುತ್ತದೆಯೇ, ಎದೆ ಬಡಿದುಕೊಳ್ಳುತ್ತದೆಯೇ?

ಹೆರಿಗೆಯಾದ ಮೇಲೆ ಎಷ್ಟೋ ಜನಕ್ಕೆ ಮನಸ್ಸು ಕುಗ್ಗುತ್ತದೆ. ಅದು ಕಾಯಿಲೆಯೇ ಹೊರತು ಕೊಬ್ಬು ಅಲ್ಲ. ಏನಿದ್ದರೂ ಬರೆ.

ನಿನ್ನ ಅಕ್ಕ,
ಪ್ರಮೀಳಾ


ಚನ್ನಗಿರಿ
24 ಜೂನ್ 2024

ಅಕ್ಕಾ,

ನನಗೆ ಏನೂ ಆಗಿಲ್ಲ. ನೀನು ಹಾಸ್ಟೆಲ್ ಹುಡುಗಿಯರನ್ನು ನೋಡುವ ಹಾಗೆ ನನ್ನನ್ನು ನೋಡಬೇಡ. ಅಮ್ಮ ಇಷ್ಟೆಲ್ಲ ಮಾಡುತ್ತಿದ್ದಾಳೆ, ಇನ್ನೂ ಏನೋ ಆಗಿದೆ ಎಂದರೆ ಅವಳಿಗೆ ಹೇಗನಿಸಬೇಡ?

ಮಗು ಅಮ್ಮನ ಹಾಗಿದ್ದಾಳೆ. ಗದ್ದ ಮಾತ್ರ ವಿನಯ್ ಅವರದು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ನಿನಗೆ ಎರಡು ಸಲ ಬಸಿರು ನಿಂತೂ ಉಳಿಯಲಿಲ್ಲ. ನೀನೂ ಭಾವನೂ ಮಗುವಿಗೆ ಎಷ್ಟು ಆಸೆಪಟ್ಟಿರಿ ಎಂದು ನನಗೆ ಗೊತ್ತು. ಇವಳನ್ನು ನಿನಗೆ ಕೊಟ್ಟರೆ ಸಾಕಿಕೊಳ್ಳುತ್ತೀಯಾ? ತಮಾಷೆಗಲ್ಲ. ಈಗಲೇ, ಅವಳಿಗೆ ನನ್ನ ಗುರುತು ಹತ್ತುವ ಮೊದಲೇ. ವಿನಯ್ ಅವರನ್ನು ನಾನು ಒಪ್ಪಿಸುತ್ತೇನೆ.

ಬೇಗ ಉತ್ತರ ಬರೆ.

ಮೇಘಶ್ರೀ


ಜಗಳೂರು
29 ಜೂನ್ 2024

ಮೇಘಾ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ನಿಜ ಹೇಳುತ್ತೇನೆ, ಮೊದಲ ಸಲ ಓದಿದಾಗ ನನ್ನೊಳಗೆ ಏನೋ ಜಿಗಿಯಿತು. ಎಲ್ಲಿ ತೊಟ್ಟಿಲು ಕಟ್ಟುವುದು ಎನ್ನುವವರೆಗೆ ಯೋಚನೆ ಹೋಯಿತು. ಆಮೇಲೆ ಸಿಟ್ಟು ಬಂತು. ಉಳಿಯದೆ ಹೋದ ಮಕ್ಕಳ ಹೆಸರು ಹೇಳಿ ನನಗೆ ಆಸೆ ತೋರಿಸುತ್ತೀಯಲ್ಲ, ಇದೇನು ಮಾತು ಎಂದು.

ನಿನ್ನ ಭಾವನ ಕೈಗೆ ಕಾಗದ ಕೊಟ್ಟೆ. ಅವರು ಕೈ ಒರೆಸಿಕೊಂಡು ನಿಧಾನವಾಗಿ ಓದಿ ಮಡಚಿಟ್ಟರು. "ಇದರಾಗೆ ಮಗು ಕೊಡ್ತೀನಿ ಅಂತ ಎಲ್ಲೈತೆ?" ಎಂದರು.

"ಅದೇ ತಾನೇ ಬರೆದಿರೋದು?" ಎಂದೆ.

"ಅಲ್ಲ ಕಣೆ. ಮಗೀನ ನನ್ನ ಹತ್ರದಿಂದ ತಗಂಡು ಹೋಗು ಅಂತೈತೆ. ಏನೋ ಕಂಡು ಹೆದರ್ಕಂಡವಳೆ ಆ ಹುಡುಗಿ. ಮೊದ್ಲು ಅದೇನು ಅಂತ ಕೇಳು."

ಅವರು ಹೇಳಿದ ಮೇಲೆ ನನಗೂ ಹಾಗೇ ಕಾಣಿಸಿತು. ಮೇಘಾ, ನಿನಗೆ ಯಾರ ಭಯ? ವಿನಯ್ ಏನಾದರೂ ಅಂದರೇ? ಹೆಣ್ಣು ಮಗುವೆಂದು ಯಾರಾದರೂ ಆಡಿಕೊಂಡರೇ? ಮಗುವಿಗೇನಾದರೂ ಕಾಯಿಲೆಯೇ? ಎಷ್ಟು ಕೆಟ್ಟದಾದರೂ ಸರಿ, ಬರೆ. ಓದಿ ನಿನ್ನನ್ನು ಬಿಟ್ಟು ಹೋಗುವವಳಲ್ಲ ನಾನು. ಇದಕ್ಕೆ ಉತ್ತರ ಬರದಿದ್ದರೆ ರಜೆ ಹಾಕಿ ಬಂದು ಬಾಗಿಲು ಬಡಿಯುತ್ತೇನೆ. ಅಮ್ಮ ಏನಾದರೂ ಅಂದುಕೊಳ್ಳಲಿ.

ಅಕ್ಕ


ಚನ್ನಗಿರಿ
9 ಜುಲೈ 2024

ಅಕ್ಕಾ,

ಬರೆಯುತ್ತೇನೆ. ಓದಿದ ಮೇಲೆ ಸುಟ್ಟುಹಾಕು. ಯಾರಿಗೂ ಹೇಳಬೇಡ, ಭಾವನಿಗೂ. ನನ್ನ ಮೇಲಾಣೆ.

ಭಯ ಯಾರದೂ ಅಲ್ಲ, ನನ್ನದೇ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಶುರುವಾಯಿತು. ಹೊನ್ನೂರಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ತಲೆಯೊಳಗೆ ಒಂದು ಚಿತ್ರ ಬಂತು. ನಾನು ಮಗುವಿನ ಮುಖವನ್ನು ನೀರಿಗೆ ಒತ್ತುತ್ತಿರುವ ಚಿತ್ರ. ನನ್ನದೇ ಕೈ, ನನ್ನದೇ ಬಳೆ. ಅಲ್ಲಿಂದ ಓಡಿ ಬಂದು ಮಂಚದ ಮೇಲೆ ಬಿದ್ದೆ. ಬಾಣಂತಿಗೆ ತಲೆ ಸುತ್ತಿರಬೇಕು ಎಂದು ಅಮ್ಮ ಬಿಸಿ ಹಾಲು ತಂದುಕೊಟ್ಟಳು.

ಅವತ್ತಿನಿಂದ ಅದು ಬಿಟ್ಟಿಲ್ಲ. ಮಾಳಿಗೆ ಮೆಟ್ಟಿಲು ಕಂಡರೆ ಒಂದು ಚಿತ್ರ. ಅಡುಗೆಮನೆಯ ಈಳಿಗೆ ಕಂಡರೆ ಇನ್ನೊಂದು. ಬೇಡ ಬೇಡ ಎಂದು ತಲೆ ಚಚ್ಚಿಕೊಂಡಷ್ಟೂ ಹೆಚ್ಚಾಗುತ್ತದೆ. ಪಂಚಾಕ್ಷರಿ ಹೇಳಿಕೊಳ್ಳುತ್ತೇನೆ, ಅದರ ನಡುವೆಯೂ ನುಗ್ಗುತ್ತದೆ. ಮಗುವಿನ ಜೊತೆ ಒಬ್ಬಳೇ ಇದ್ದಾಗ ಎರಡೂ ಕೈಗಳನ್ನು ಸೀರೆಯ ಸೆರಗಿಗೆ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತೇನೆ. ಅವಳು ಅತ್ತರೂ ಎತ್ತಿಕೊಳ್ಳುವುದಿಲ್ಲ. ಅಮ್ಮ ಬಂದು, "ನಿಂದೇನು ಕಲ್ಲೆದೆನೇನೆ? ಕೂಸು ಅತ್ತು ಅತ್ತು ನೀಲಿ ಆಗೈತೆ, ಎತ್ಕಳ್ಳಾಕೆ ಏನಾಗೈತೆ ನಿಂಗೆ?" ಎಂದು ಬೈಯುತ್ತಾಳೆ. ಬೈಯಲಿ. ಅಮ್ಮನ ಕೈಯಲ್ಲಿದ್ದರೆ ಮಗು ಕ್ಷೇಮ.

ದೃಷ್ಟಿಯಾಗಿದೆ ಎಂದು ಅಮ್ಮ ಯಾರಿಂದಲೋ ದಾರ ಮಂತ್ರಿಸಿ ತಂದು ತೋಳಿಗೆ ಕಟ್ಟಿದ್ದಾಳೆ. ಅದನ್ನು ಕಟ್ಟುವಾಗ ಹೇಳಿಬಿಡೋಣ ಎನಿಸಿತು. ಬಾಯಿ ಬರಲಿಲ್ಲ. ಏನೆಂದು ಹೇಳಲಿ? ಹೆತ್ತ ತಾಯಿಗೆ ಇಂಥ ಯೋಚನೆ ಬರುತ್ತದೆಯೇ?

ಆಷಾಢ ಮುಗಿದು ಶ್ರಾವಣ ಬಂದ ಕೂಡಲೇ ನನ್ನನ್ನು ಹೊನ್ನಾಳಿಗೆ ಕಳಿಸುತ್ತಾರೆ. ಅಲ್ಲಿ ಅತ್ತೆ ಇಲ್ಲ, ತೀರಿಕೊಂಡು ಎಷ್ಟೋ ವರ್ಷವಾಯಿತು. ವಿನಯ್ ಅವರು ಬೆಳಿಗ್ಗೆ ಹೊರಟರೆ ನ್ಯಾಮತಿ ಕಡೆ ಕರೆಂಟಿನ ಲೈನ್ ಕೆಲಸ ಮುಗಿಸಿ ಬರುವುದು ಸಾಯಂಕಾಲ. ದಿನವೆಲ್ಲ ಆ ಮನೆಯಲ್ಲಿ ನಾನು, ಮಗು ಇಬ್ಬರೇ. ಅದಕ್ಕೇ ಕೇಳಿದೆ, ತೆಗೆದುಕೊಂಡು ಹೋಗುತ್ತೀಯಾ ಎಂದು. ನೀನು ಆಗುವುದಿಲ್ಲ ಎಂದರೆ ಇನ್ನೊಂದೇ ದಾರಿ ಕಾಣುತ್ತದೆ. ನಾನೇ ಇಲ್ಲದಿದ್ದರೆ ಅವಳಿಗೆ ಯಾವ ಭಯವೂ ಇರುವುದಿಲ್ಲವಲ್ಲ.

ಮೇಘಾ


ಚನ್ನಗಿರಿ, ಹೊನ್ನೂರಮ್ಮನ ಮನೆ
13 ಜುಲೈ 2024, ಬೆಳಿಗ್ಗೆ

ಮೇಘಾ,

ನಾನು ಊರಿಗೆ ಬಂದಿದ್ದೇನೆ. ನಿನ್ನ ಭಾವನೂ ಇದ್ದಾರೆ. ಹೊನ್ನೂರಮ್ಮನ ಮನೆ ಹುಡುಕಿ ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವಳು ನೀರು ಹಾಕುವ ಕೆಲಸ ಮುಗಿಸಿದ ಮೇಲೂ ನಾನು ಬರುವ ತನಕ ನಿನ್ನ ಕೋಣೆಯಲ್ಲೇ ಕೂತಿರುತ್ತಾಳೆ. ಒಪ್ಪಿದ್ದಾಳೆ. ಅವಳನ್ನು ಹೊರಗೆ ಕಳಿಸಬೇಡ.

ನಿನ್ನ ಆಣೆ ಮುರಿದಿದ್ದೇನೆ. ನಿನ್ನೆ ಕಾಗದ ಕೈಗೆ ಬಂದ ಕೂಡಲೇ ದಾವಣಗೆರೆಯ ಒಬ್ಬ ಮನೋವೈದ್ಯೆಗೆ ಫೋನು ಮಾಡಿ ಎಲ್ಲ ಓದಿ ಹೇಳಿದೆ. ಅವರು ಎರಡು ಪ್ರಶ್ನೆ ಕೇಳಿದರು. ಆ ಚಿತ್ರ ಬಂದಾಗ ಅವಳಿಗೆ ಹಾಗೆ ಮಾಡಬೇಕು ಎನಿಸುತ್ತದೆಯೋ, ಇಲ್ಲ ಮೈ ನಡುಗುತ್ತದೆಯೋ? ಹಾಗೆ ಮಾಡು ಎಂದು ಯಾರಾದರೂ ಹೇಳಿದಂತೆ ಕಿವಿಗೆ ಕೇಳಿಸುತ್ತದೆಯೋ? ದನಿ ಕೇಳಿಸುವ ಮಾತು ಕಾಗದದಲ್ಲಿಲ್ಲ, ಕೈಗಳನ್ನು ಸೆರಗಿಗೆ ಸುತ್ತಿಕೊಂಡು ಕೂರುತ್ತಾಳೆ ಎಂದೆ. ಅವರ ದನಿ ಸ್ವಲ್ಪ ಮೆತ್ತಗಾಯಿತು. "ಇದು ಬಹಳ ಬಾಣಂತಿಯರಿಗೆ ಬರುತ್ತೆ ಕಣ್ರೀ. ಹೇಳಿಕೊಳ್ಳೋರು ಕಡಿಮೆ. ಮಗುವಿಗಿಂತ ನನಗೆ ಆ ಹುಡುಗಿ ಚಿಂತೆ. ಕೊನೆಯ ಸಾಲು ಇನ್ನೊಂದು ಸಲ ಓದಿ" ಎಂದರು. ಓದಿದೆ. "ಒಬ್ಬಳನ್ನೇ ಬಿಡಬೇಡಿ. ನಾಳೆನೇ ಕರ್ಕೊಂಡು ಬನ್ನಿ" ಎಂದರು.

ಇವತ್ತು ಅಮ್ಮನಿಗೆ ಗೊತ್ತಾಗಲೇಬೇಕು. ನೀನೇ ಹೇಳಿದರೆ ಒಳ್ಳೆಯದು. ಆಗದಿದ್ದರೆ ನಾನು ಹೇಳುತ್ತೇನೆ. ಬೈದುಕೋ, ಜನ್ಮವಿಡೀ ಮಾತು ಬಿಡು, ಸಹಿಸುತ್ತೇನೆ. ನೀನು ಇಲ್ಲದೆ ಹೋದರೆ ಸಹಿಸುವುದಿಲ್ಲ.

ಬರುತ್ತಿದ್ದೇನೆ.

ಅಕ್ಕ


ಚನ್ನಗಿರಿ
4 ಆಗಸ್ಟ್ 2024

ಅಕ್ಕಾ,

ನೀನು ಜಗಳೂರಿಗೆ ವಾಪಸು ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ. ಮಾತ್ರೆ ಶುರುವಾದ ಮೇಲೆ ನಿದ್ದೆ ಬರುತ್ತಿದೆ. ಎದೆಹಾಲಿಗೆ ತೊಂದರೆ ಇಲ್ಲದ ಮಾತ್ರೆಯನ್ನೇ ಡಾಕ್ಟರು ನೋಡಿ ಕೊಟ್ಟಿದ್ದಾರೆ. ನಿನ್ನ ಮೇಲೆ ಒಂದು ವಾರ ಸಿಟ್ಟಿತ್ತು. ಈಗ ಇಲ್ಲ. ಅವತ್ತು ನೀನು ಕಂಡದ್ದು ಮುಚ್ಚಿದ ಬಾಗಿಲು ಮಾತ್ರ. ಒಳಗೆ ಏನಾಯಿತು ಎಂದು ನಿನಗೆ ಹೇಳಬೇಕೆನಿಸಿದೆ.

ನೀನು ಬಾಗಿಲು ಬಡಿದಾಗ ಅಮ್ಮ ಕಿಟಕಿಯಿಂದ ನೋಡಿದಳು. ಮುಖ ಕೆಂಪಾಯಿತು. "ಅವಳು ಒಳಗೆ ಬಂದ್ರೆ ನಾನು ಹಿತ್ತಲ ಬಾಗಿಲಿಂದ ಹೋಗ್ತೀನಿ" ಎಂದು ಅಪ್ಪಾಜಿಗೆ ಹೇಳಿದಳು. ಅಪ್ಪಾಜಿ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತವರು ಏಳಲಿಲ್ಲ. ನೀನು ಹೊರಗಿನಿಂದ "ಅಮ್ಮಾ" ಎಂದೆ. ಅಮ್ಮ ನಡುಮನೆಯಲ್ಲಿ ಕಂಬದ ಹಾಗೆ ನಿಂತಿದ್ದಳು.

ನಾನು ಕೋಣೆಯಿಂದ ಹೊರಗೆ ಬಂದೆ. ಹೊನ್ನೂರಮ್ಮ ನನ್ನ ತೋಳು ಹಿಡಿದಿದ್ದಳು. "ಅಮ್ಮಾ, ಅಕ್ಕ ನಿನಗೋಸ್ಕರ ಬಂದಿಲ್ಲ, ನನಗೋಸ್ಕರ ಬಂದಾಳೆ" ಎಂದೆ.

"ನಿಂಗೇನಾಗೈತೆ?"

ಹೇಳಿದೆ ಅಕ್ಕಾ. ನಿನಗೆ ಬರೆದಷ್ಟು ಹೇಳಲಿಲ್ಲ. "ಮಗೂಗೆ ನಾನೇ ಏನಾದ್ರೂ ಮಾಡಿಬಿಡ್ತೀನಿ ಅಂತ ಹೆದರಿಕೆ ಆಗ್ತೈತೆ" ಎಂದೆ, ಅಷ್ಟೇ.

ಅಮ್ಮ ನನ್ನನ್ನು ನೋಡಿದ ನೋಟವನ್ನು ಹೇಗೆ ಬರೆಯಲಿ? ಒಂದೇ ಹೆಜ್ಜೆಗೆ ಕೋಣೆಗೆ ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು ದೇವರ ಕೋಣೆಯವರೆಗೆ ಹಿಂದಕ್ಕೆ ನಡೆದಳು. ನನಗೆ ಬೆನ್ನು ತಿರುಗಿಸಲಿಲ್ಲ. ನಾಯಿ ಎದುರಿಗೆ ಬಂದಾಗ ನಡೆಯುತ್ತೇವಲ್ಲ, ಹಾಗೆ. ಆಮೇಲೆ "ರೀ, ಬಾಗಿಲು ತೆಗೀರಿ! ಪ್ರಮೀಳನ್ನ ಒಳಗೆ ಕರೀರಿ!" ಎಂದು ಕೂಗಿದಳು.

ಅಮ್ಮ ನಿನ್ನ ಹೆಸರು ಹಿಡಿದದ್ದು ಹಾಗೆ. ನಿನ್ನ ಮೇಲೆ ಮನಸ್ಸು ಕರಗಿ ಅಲ್ಲ, ನನಗೆ ಹೆದರಿ.

ದಾವಣಗೆರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರಲ್ಲ, ಆಗ ಒಂದು ಮಾತು ಹೇಳಿದರು. "ಯಾವುದು ನಿಮಗೆ ತುಂಬ ಬೆಲೆಯದೋ ಅದರ ಮೇಲೇ ಇಂಥ ಯೋಚನೆ ಬಂದು ಕೂರುತ್ತೆ. ಓಡಿಸೋಕೆ ಹೋದ್ರೆ ಬಲಿಯುತ್ತೆ. ಬರಲಿ, ಇರಲಿ, ಹೋಗಲಿ. ನೀವು ಮಗು ಎತ್ತಿಕೊಳ್ಳೋದು ಬಿಡಬೇಡಿ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ತಾ ಹೋಗಿ." ಮೊದಮೊದಲು ಪಕ್ಕದಲ್ಲಿ ಯಾರಾದರೂ ಇರಲಿ, ಆಮೇಲೆ ಒಬ್ಬಳೇ ಇರಬೇಕು ಎಂದರು. ಸಾಯುವ ಮಾತು ಮನಸ್ಸಿಗೆ ಬಂದರೆ ಮಾತ್ರ ಒಂದು ಗಳಿಗೆಯೂ ಮುಚ್ಚಿಡಬೇಡಿ ಎಂದು ಮಾತು ತೆಗೆದುಕೊಂಡಿದ್ದಾರೆ. ಅದು ಈಗ ಬರುತ್ತಿಲ್ಲ. ಸುಳ್ಳಲ್ಲ.

ಆದರೆ ಅಮ್ಮ ಮಗುವನ್ನು ಕೊಡುವುದಿಲ್ಲ. ಹಾಲು ಕುಡಿಸಲು ಕೊಟ್ಟು ಎದುರಿಗೇ ಕೂತು ನನ್ನ ಕೈಗಳನ್ನು ನೋಡುತ್ತಿರುತ್ತಾಳೆ. ಮುಗಿದ ಕೂಡಲೇ ಎತ್ತಿಕೊಂಡು ಹೋಗುತ್ತಾಳೆ. ಈಳಿಗೆ, ಕತ್ತರಿ ಎಲ್ಲ ಅಟ್ಟ ಸೇರಿವೆ. ವಿನಯ್ ಅವರು ಎಲ್ಲ ಕೇಳಿ ನನ್ನ ತಲೆ ಸವರಿ, "ಇಷ್ಟು ದಿನ ಒಬ್ಬಳೇ ಹೆಂಗೆ ತಡ್ಕಂಡೆ?" ಎಂದರು. ನಾನು ಗುಣವಾಗುವವರೆಗೆ ಹೊನ್ನಾಳಿಗೆ ಹೋಗುವ ಮಾತು ಬೇಡ ಎಂದೂ ಹೇಳಿದರು. ಅಮ್ಮ ಒಂದು ಮಾತೂ ಕೇಳಿಲ್ಲ. ಅವಳ ಕಣ್ಣು ನೋಡಿದರೆ ನನ್ನ ಭಯವೇ ನಿಜ ಎನಿಸಿಬಿಡುತ್ತದೆ.

ಮೇಘಾ


ಜಗಳೂರು
12 ಆಗಸ್ಟ್ 2024

ಅಮ್ಮ,

ಈ ಕಾಗದವನ್ನು ಹೊನ್ನೂರಮ್ಮನ ವಿಳಾಸಕ್ಕಲ್ಲ, ನಿನ್ನ ಹೆಸರಿಗೇ ಕಳಿಸುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಓದಿ ಹರಿ.

ನನ್ನ ಮದುವೆಯ ಬಗ್ಗೆ ಬರೆಯುವುದಿಲ್ಲ. ನೀನು ಅವತ್ತು ಬಾಗಿಲು ತೆಗೆಸಿದ್ದು ಯಾಕೆಂದು ನನಗೆ ಗೊತ್ತು. ನನಗೆ ಅದರಿಂದ ನೋವಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅದು ಈಗಿನ ಮಾತಲ್ಲ.

ಮೇಘಾ ನಿನಗೆ ಹೆದರಿ ಅಲ್ಲ, ಮಗುವಿಗೆ ಏನಾಗುತ್ತದೋ ಎಂದು ಹೆದರಿ ಅಷ್ಟು ದಿನ ಕೈ ಕಟ್ಟಿಕೊಂಡು ಕೂತಳು. ಬಾಣಂತಿ, ಹೊಲಿಗೆ ಮಾಗದ ಮೈಯಲ್ಲಿ, ಪದೇ ಪದೇ ಎದ್ದು ಬಾಗಿಲು ತೆಗೆದಿಟ್ಟಳು. ಯಾಕೆ? ನೀನು ನೋಡುತ್ತಿರಲಿ ಎಂದು. ಕೇಡು ಮಾಡುವವಳು ಬಾಗಿಲು ತೆಗೆದಿಡುತ್ತಾಳೆಯೇ ಅಮ್ಮ?

ನೀನು ಮಗುವನ್ನು ಕಸಿದುಕೊಂಡಾಗಲೆಲ್ಲ ಅವಳಿಗೆ ಒಂದೇ ಮಾತು ಕೇಳಿಸುತ್ತದೆ, ನಿನ್ನನ್ನು ನಂಬುವ ಹಾಗಿಲ್ಲ ಎಂದು. ಅವಳ ತಲೆಯೂ ಅದನ್ನೇ ಹೇಳುತ್ತಿದೆ. ಎರಡೂ ಕಡೆಯಿಂದ ಅದನ್ನೇ ಕೇಳಿದರೆ ಅವಳು ಹೇಗೆ ಗುಣವಾಗಬೇಕು? ಮೊನ್ನೆ ಡಾಕ್ಟರ್ ಫೋನಿನಲ್ಲಿ, ಮಾತ್ರೆ ಅರ್ಧ ಕೆಲಸ, ಉಳಿದರ್ಧ ನಿಮ್ಮ ತಾಯಿಯ ಕೈಯಲ್ಲಿದೆ ಎಂದರು. ಮುಂದಿನ ಸಲ ತೋರಿಸಲು ನೀನೇ ಅವಳ ಜೊತೆ ಹೋಗು. ನಿನಗಿರುವ ಅನುಮಾನವನ್ನೆಲ್ಲ ಅವರನ್ನೇ ಕೇಳು.

ಪ್ರಮೀಳಾ


ಚನ್ನಗಿರಿ
28 ಆಗಸ್ಟ್ 2024

ಪ್ರಮೀಳಾ,

ನಂಗೆ ಬರೆಯೋದು ಅಭ್ಯಾಸ ತಪ್ಪೈತೆ. ಮಾತಾಡಿದಂಗೆ ಬರೀತೀನಿ, ಓದ್ಕೋ.

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯ್ತು. ನನಗೇ ಬುದ್ಧಿ ಹೇಳಾಕೆ ಬಂದ್ಲು ಅಂತ. ಹರಿಯಾಕೂ ಹೋದೆ. ನಿಮ್ಮಪ್ಪಾಜಿ ಕಸಗೊಂಡು ಓದಿ, "ಕೊಟ್ರಮ್ಮ, ಅವಳು ಹೇಳಿದ್ರಾಗೆ ತಪ್ಪೇನೈತೆ?" ಅಂದ್ರು. ಮೂವತ್ತೈದು ವರ್ಷ ಸಂಸಾರ ಮಾಡೀನಿ, ಆ ಮನುಷ್ಯ ನನಗೆ ಎದುರು ಮಾತಾಡಿದ್ದು ಅವತ್ತೇ.

ಸೋಮವಾರ ಮೇಘಾನ್ನ ಕರ್ಕೊಂಡು ದಾವಣಗೆರೆಗೆ ಹೋಗಿದ್ದೆ. ಡಾಕ್ಟರಮ್ಮ ನನ್ನನ್ನ ಕೂರಿಸ್ಕೊಂಡು ತಿಳಿಸಿ ಹೇಳಿದ್ಲು. ಇಂಥ ಯೋಚನೆ ಎಲ್ಲರಿಗೂ ಒಂದಲ್ಲ ಒಂದು ಸಲ ಬರ್ತೈತೆ, ನಿಮಗೂ ಬಂದಿರ್ತೈತೆ ಅಂದ್ಲು. ನಂಗೆ ಸಿಟ್ಟು ಬಂತು. ನಂಗೆ ಯಾವತ್ತೂ ಬಂದಿಲ್ಲ ಅಂದೆ. ಆಯ್ತು ಬಿಡಿ ಅಂದ್ಲು.

ವಾಪಸು ಬರೋವಾಗ ಬಸ್ಸು ರಷ್ಷು. ನಂಗೆ ಕಿಟಕಿ ಪಕ್ಕ ಸೀಟು ಸಿಕ್ತು, ಮಗು ನನ್ನ ತೊಡೆ ಮ್ಯಾಲೆ. ಮೇಘಾ ಈ ಕಡೆ. ಸಂತೇಬೆನ್ನೂರು ದಾಟಿತ್ತು. ಸೆಕೆ ಅಂತ ಕಿಟಕಿ ಗಾಜು ಪೂರಾ ಸರಿಸಿದ್ದೆ, ಗಾಳಿ ಚೆನ್ನಾಗಿ ಬರ್ತಿತ್ತು. ಎದುರಿಗೆ ಒಂದು ಲಾರಿ ರೊಂಯ್ಯನೆ ಹೋಯ್ತು ನೋಡು, ಆವಾಗ ಬಂತು. ಈ ಕೂಸು ನನ್ನ ಕೈ ಜಾರಿ ಹೊರಗೆ ಹೋದ್ರೆ? ಅಲ್ಲ, ನಾನು ಸುಳ್ಳು ಬರೀಬಾರದು. ಜಾರಿ ಅಲ್ಲ. ನಾನೇ ಹೊರಗೆ ಬಿಟ್ಟಂಗೆ ಕಾಣಿಸ್ತು. ಕಣ್ಣಿಗೆ ಕಟ್ಟಿದಂಗೆ.

ನನ್ನ ಅಂಗೈ ಬೆವತುಬಿಟ್ವು. ಮಗೀನ ಎಷ್ಟು ಬಿಗಿ ಹಿಡ್ಕೊಂಡೆ ಅಂದ್ರೆ ಅದು ಕಿಟಾರನೆ ಕಿರುಚ್ತು. ಮೇಘಾ ನನ್ನ ಮುಖ ನೋಡಿದ್ಲು. ಗೊತ್ತಾಗಿತ್ತು ಅವಳಿಗೆ.

"ಹಿಡ್ಕಳೇ ನಿನ್ನ ಮಗೀನ, ನನ್ನ ಕೈ ನಡುಗ್ತಾ ಐತೆ" ಅಂದೆ.

ಅವಳು ತಗೊಂಡ್ಲು. ಊರು ಬರೋ ತನಕ ಅವಳ ಹತ್ರನೇ ಇತ್ತು. ನಾನು ಕಿಟಕಿ ಮುಚ್ಚಿ ಆ ಕಡೆ ನೋಡ್ತಾ ಕುಂತೆ. ನನಗೆ ಒಂದು ಸಲ ಬಂದಿದ್ದಕ್ಕೇ ಇಷ್ಟು ನಡುಕ. ಆ ಹುಡುಗಿ ಎಷ್ಟು ತಿಂಗಳು ಇದನ್ನ ಹೊತ್ಕೊಂಡು ನನ್ನ ಬೈಗಳನೂ ತಿಂದು ಕುಂತಿತ್ತು. ಅದಕ್ಕೆ ನಾನು ಕಲ್ಲೆದೆ ಅಂದೆ.

ಮಾರನೇ ದಿನ ಈಳಿಗೆ ಅಟ್ಟದಿಂದ ಇಳಿಸಿ ಅವಳ ಕೈಗೇ ಕೊಟ್ಟು ಬೀನ್ಸ್ ಹೆಚ್ಚು ಅಂದೆ. ಮಗು ಅಲ್ಲೇ ಚಾಪೆ ಮ್ಯಾಲೆ ಮಲಗಿತ್ತು. ಅವಳೂ ಬೆವತ್ಲು, ನಾನೂ ಬೆವತೆ. ಬೀನ್ಸ್ ಪಲ್ಯ ಉಪ್ಪಾಗಿತ್ತು. ಎಲ್ಲರೂ ತಿಂದ್ವಿ.

ಬರೋ ಸೋಮವಾರ ನಾನು ಜಗಳೂರಿಗೆ ಬರ್ತೀನಿ. ಡಾಕ್ಟರಮ್ಮನ್ನ ಕೇಳಿದೀನಿ, ಮೇಘಾ ಒಂದು ದಿನ ಮಗೀನ ಜೊತೆ ಒಬ್ಬಳೇ ಇರಬಹುದು ಅಂದಾಳೆ. ನಾನು ಮನೆಯಾಗೇ ಇದ್ರೆ ಹತ್ತು ಸಲ ಇಣುಕಿ ನೋಡ್ತೀನಿ, ನನಗೆ ನನ್ನ ಮ್ಯಾಲೆ ನಂಬಿಕೆ ಇಲ್ಲ. ಅದಕ್ಕೆ ಊರು ಬಿಟ್ಟೇ ಬರ್ತೀನಿ. ನಿನ್ನ ಮನೆನೂ ನೋಡಿಲ್ಲ. ನಿನ್ನ ಗಂಡಗೆ ಹೇಳು. ನೀರು, ಚಹಾ ಕುಡೀತೀನಿ. ಊಟದ್ದು ಬಂದ ಮ್ಯಾಲೆ ನೋಡೋಣ, ಬಲವಂತ ಮಾಡಬ್ಯಾಡ್ರಿ.

ಇಂತಿ ನಿನ್ನ ತಾಯಿ,
ಕೊಟ್ರಮ್ಮ


ಚನ್ನಗಿರಿ
2 ಸೆಪ್ಟೆಂಬರ್ 2024

ಅಕ್ಕಾ,

ಅಮ್ಮ ಈಗ ನಿನ್ನ ಮನೆಯ ದಾರಿಯಲ್ಲಿದ್ದಾಳೆ. ಬೆಳಿಗ್ಗೆ ಹೊರಡುವಾಗ ಬಾಗಿಲವರೆಗೆ ಹೋಗಿ ಮತ್ತೆ ಬಂದು ಹಾಲು ಕಾಯಿಸಿಟ್ಟಿದ್ದೇನೆ ಎಂದಳು. ಮತ್ತೆ ಹೋಗಿ ಮತ್ತೆ ಬಂದು ಗ್ಯಾಸ್ ಆರಿಸಿದ್ದೀಯಾ ಎಂದಳು. ಕೊನೆಗೆ ಅಪ್ಪಾಜಿಯೇ ಬ್ಯಾಗು ಕಸಿದುಕೊಂಡು, "ನಡಿಯೇ, ಬಸ್ಸು ಹೋಗ್ತೈತೆ" ಎಂದು ಕರೆದುಕೊಂಡು ಹೋದರು. ಬಸ್ಸು ಹತ್ತಿಸಿ ಅವರು ಅಂಗಡಿಗೆ ಹೋಗಿದ್ದಾರೆ. ಮಗುವಿಗೆ ನೀರು ಹಾಕಿ ಹೊನ್ನೂರಮ್ಮನೂ ಹೋದಳು.

ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಮುಂಬಾಗಿಲು ಹಾಕಿದ್ದೇನೆ. ನಾನೇ ಹಾಕಿದೆ.

ಫೋನು ಕೈಗೆ ಬಂದಿದೆ, ಪಕ್ಕದಲ್ಲೇ ಇದೆ. ಭಯವಾದರೆ ಮಾಡು ಎಂದು ನೀನೂ ಹೇಳಿದ್ದೀಯ, ವಿನಯ್ ಅವರೂ ಹೇಳಿದ್ದಾರೆ. ಮಾಡಿದರೆ ನೀವು ಜೊತೆಗಿದ್ದ ಹಾಗಾಗುತ್ತದೆ. ಇವತ್ತು ನಾನೊಬ್ಬಳೇ ಇದ್ದು ನೋಡಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನಗೆ ತಲುಪುವ ಹೊತ್ತಿಗೆ ಇವತ್ತು ಕಳೆದಿರುತ್ತದೆ.

ಬರಲಿಲ್ಲವೇ ಎಂದು ಕೇಳುತ್ತೀಯ. ಬಂತು. ಅಮ್ಮನ ಚಪ್ಪಲಿ ಸದ್ದು ಮರೆಯಾದ ಕೂಡಲೇ ಬಂತು, ಕಾಯುತ್ತಿದ್ದ ಹಾಗೆ. ಕೈಗಳು ತಣ್ಣಗಾದವು. ಸೆರಗು ಹುಡುಕಿದವು. ನಾನು ಎದ್ದು ಹೋಗಿ ಮಗುವಿನ ಪಕ್ಕದಲ್ಲೇ ಕೂತೆ. ಡಾಕ್ಟರು ಹೇಳಿಕೊಟ್ಟ ಹಾಗೆ ಅದರ ಜೊತೆ ಜಗಳಕ್ಕೆ ಹೋಗಲಿಲ್ಲ. ಎದೆ ಬಡಿದುಕೊಳ್ಳುತ್ತಲೇ ಇತ್ತು. ಬಡಿದುಕೊಳ್ಳಲಿ ಎಂದು ಮಗುವಿನ ಉಗುರು ನೋಡುತ್ತಾ ಕೂತೆ. ಎಷ್ಟು ಉದ್ದ ಬೆಳೆದಿವೆ ಗೊತ್ತಾ? ಕೆನ್ನೆ ಗೀರಿಕೊಂಡಿದ್ದಾಳೆ. ನಾನು ಇಷ್ಟು ದಿನ ಅವಳ ಉಗುರನ್ನೇ ಸರಿಯಾಗಿ ನೋಡಿರಲಿಲ್ಲ.

ಪುಟ್ಟ ನೇಲ್ ಕಟರ್ ತಂದು ಕತ್ತರಿಸಿದೆ. ಹತ್ತೂ ಬೆರಳು. ನಡುವೆ ಎರಡು ಸಲ ನಿಲ್ಲಿಸಿ ಉಸಿರು ಬಿಟ್ಟೆ. ಅವಳು ಹಾಯಾಗಿ ನಿದ್ದೆ ಮಾಡುತ್ತಿದ್ದಳು.

ಪೂರ್ತಿ ಹೋಗಿಲ್ಲ ಅಕ್ಕಾ. ನಾಳೆಯೂ ಬರುತ್ತದೇನೋ. ಹೊನ್ನಾಳಿಗೆ ಹೋದ ಮೇಲೂ ಬರಬಹುದು. ಪಕ್ಕದ ಮನೆ ಶಿವಗಂಗಮ್ಮನವರಿಗೆ ವಿನಯ್ ಅವರು ಎಲ್ಲ ಹೇಳಿಟ್ಟಿದ್ದಾರೆ, ಕೂಗಿದರೆ ಬರುತ್ತಾರೆ. ಮಾತ್ರೆ ಇನ್ನೂ ಕೆಲವು ತಿಂಗಳು ಇದೆ. ನಿಲ್ಲಿಸುವ ಆತುರ ನನಗೂ ಇಲ್ಲ.

ಅಮ್ಮ ನಿನ್ನ ಮನೆಯಲ್ಲಿ ಊಟ ಮಾಡಿದಳೋ ಇಲ್ಲವೋ ಬರೆ. ಮಾಡದಿದ್ದರೆ ಬೇಸರ ಮಾಡಿಕೊಳ್ಳಬೇಡ, ಅವಳದು ನಿಧಾನ. ಭಾವನಿಗೆ ಹೇಳು, ಅವರು ನನ್ನ ಕಾಗದವನ್ನು ನನಗಿಂತ ಚೆನ್ನಾಗಿ ಓದಿದರು ಎಂದು.

ಮಗು ಎದ್ದಳು. ಕಣ್ಣು ಬಿಟ್ಟು ಯಾರಿದ್ದಾರೆ ಎಂದು ನೋಡುತ್ತಿದ್ದಾಳೆ. ತುಟಿ ಮುದುರಿದಳು, ಇನ್ನೇನು ಅಳುತ್ತಾಳೆ. ಪೆನ್ನು ಕೆಳಗಿಡುತ್ತೇನೆ. ಎತ್ತಿಕೊಳ್ಳಲು ಎರಡೂ ಕೈ ಬೇಕು.

ಮೇಘಾ